ಹೊಡೆದ ದಿನ ಗಾಡಿ ಇಲ್ಲ

ನಮ್ಮಪ್ಪನ ಬಲಗೈ ಎರಡು ಕೆಲಸಕ್ಕೆ ಹೆಸರಾಗಿತ್ತು. ಒಂದು ತಾರು ಕಳಿಸುವುದು, ಇನ್ನೊಂದು ನಮ್ಮವ್ವನನ್ನು ಹೊಡೆಯುವುದು. ಮೊದಲನೆಯದಕ್ಕೆ ರಾಯಚೂರು ಸ್ಟೇಷನ್ನಿನಲ್ಲಿ ಅವನನ್ನು ಹೊಗಳದವರಿರಲಿಲ್ಲ. ಎರಡನೆಯದಕ್ಕೆ ಬೈದವರನ್ನು ನಾನು ಕಾಣಲಿಲ್ಲ. ರೈಲ್ವೆ ಕ್ವಾರ್ಟರ್ಸಿನ ಗೋಡೆಗಳು ತೆಳು. ನಮ್ಮ ಮನೆಯಲ್ಲಿ ತಟ್ಟೆ ಹಾರಿ ಬಿದ್ದರೆ ಪಕ್ಕದ ಮನೆಯವರು ರೇಡಿಯೊ ಜೋರು ಮಾಡುತ್ತಿದ್ದರು, ಅಷ್ಟೆ.

ಅವನು ತಾರು ಬಾಬು. ಗಾಡಿ ಬಿಟ್ಟಿತು, ಗಾಡಿ ಬಂತು, ಗಾಡಿ ತಡ ಎಂಬ ಸುದ್ದಿಯನ್ನು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮೋರ್ಸ್ ಲಿಪಿಯಲ್ಲಿ ಕುಟ್ಟಿ ಕಳಿಸುವ ಕೆಲಸ. ಚುಕ್ಕಿ ಮತ್ತು ಗೀಟು, ಅಂದರೆ ಗಿಡ್ಡ ಸದ್ದು ಮತ್ತು ಉದ್ದ ಸದ್ದು. ಇಷ್ಟರಲ್ಲೇ ಇಂಗ್ಲಿಷಿನ ಎಲ್ಲ ಅಕ್ಷರಗಳೂ ಅಡಗಿವೆ. ಶಾಲೆಯಲ್ಲಿ ಕಾಗುಣಿತ ಶುರುವಾಗುವ ಮೊದಲೇ ಅಪ್ಪ ನನಗೆ ಇದನ್ನು ಕಲಿಸಿದ. ಕಲಿಸಿದ ಎಂದರೆ ಹೊಡೆದ. ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ ಚಮಚದಿಂದ ಒಂದು ಅಕ್ಷರ ಕುಟ್ಟುತ್ತಿದ್ದ, ನಾನು ಹೇಳಬೇಕು. ತಪ್ಪಿದರೆ ಅದೇ ಚಮಚ ಬೆರಳಿನ ಗೆಣ್ಣಿನ ಮೇಲೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬೆನ್ನು ಮಾಡಿ ಕೂತಿರುತ್ತಿದ್ದಳು. ಅವಳು ತಿರುಗಿ ನೋಡಿದರೆ ಅವಳಿಗೂ ಒಂದು.

ಎಪ್ಪತ್ತರ ದಶಕದ ಆರಂಭದಲ್ಲಿ ಅವನ ಬಲಗಾಲು ಹೋಯಿತು. ಇದನ್ನು ಅಪಘಾತ ಎಂದು ನಮ್ಮ ಬಳಗದವರು ಈಗಲೂ ಹೇಳುತ್ತಾರೆ. ನನಗೆ ಕೇಳಿದರೆ ಅದು ಸಿಟ್ಟು. ಗೂಡ್ಸ್ ಗಾಡಿಯ ಗಾರ್ಡೊಬ್ಬ ಹೊರಡುವಾಗ ಏನೋ ಚುಚ್ಚಿ ಆಡಿ ನಕ್ಕನಂತೆ. ಅಪ್ಪ ತಾರಿನ ಕೋಣೆಯಿಂದ ಹೊರಗೆ ಓಡಿ, ಹೊರಟಿದ್ದ ಗಾಡಿಯ ಹಿಂದಿನ ಡಬ್ಬಿಗೆ ಹಾರಿದ. ಹಾರಿದ್ದು ಗಾರ್ಡಿನ ಕೊರಳಪಟ್ಟಿ ಹಿಡಿಯಲು. ಬಾಗಿಲ ಕಂಬಿ ಕೈಗೆ ಸಿಗಲಿಲ್ಲ, ಕಾಲು ಚಕ್ರಕ್ಕೆ ಸಿಕ್ಕಿತು. ಗಾರ್ಡಿಗೆ ಒಂದು ಏಟೂ ಬೀಳಲಿಲ್ಲ. ಆ ಬಾಕಿ ಏಟುಗಳನ್ನೆಲ್ಲ ನಮ್ಮವ್ವ ತಿಂದಳು.

ಕೆಲಸ ಹೋದ ಮೇಲೆ ಅಪ್ಪ ನಮ್ಮನ್ನು ಕಟ್ಟಿಕೊಂಡು ದೇವದುರ್ಗಕ್ಕೆ ಬಂದ. ಅದು ಅವನ ಹುಟ್ಟೂರು. ಅಲ್ಲಿ ಬಸ್ಸುಂಟು, ಎತ್ತಿನ ಗಾಡಿಯುಂಟು, ರೈಲಿಲ್ಲ. ಕಿವಿಯಲ್ಲಿ ಹಗಲೂ ರಾತ್ರಿ ಎಂಜಿನ್ನಿನ ಕೂಗು ಇಟ್ಟುಕೊಂಡು ಬದುಕಿದವನಿಗೆ ಆ ಊರು ಸತ್ತಂತೆ ಕಂಡಿತು. ರಾಯಚೂರಿನಲ್ಲಿ ಎಂಟು ದಿನಕ್ಕೊಮ್ಮೆ ಹೊಡೆಯುತ್ತಿದ್ದವನು ಇಲ್ಲಿ ದಿನ ಬಿಟ್ಟು ದಿನ ಶುರು ಮಾಡಿದ. ಅವನಿಗೊಂದು ಮರದ ಕಾಲು ಮಾಡಿಸಿದ್ದರು, ಅದನ್ನು ತೊಡೆಗೆ ಚರ್ಮದ ಪಟ್ಟಿಯಿಂದ ಬಿಗಿಯಬೇಕು. ಬಿಗಿಯುವವಳು ಅವ್ವ. ಬೆಳಿಗ್ಗೆ ಕಟ್ಟಲು, ಸಂಜೆ ಬಿಚ್ಚಲು ಅವನ ಮುಂದೆ ಮೊಣಕಾಲೂರಿ ಕೂರಬೇಕು. ಆಗ ಅವಳ ತಲೆ ಅವನ ಕೈಗೆ ಸರಿಯಾಗಿ ಎಟುಕುತ್ತಿತ್ತು. ಒಂಟಿ ಕಾಲಿನವನಿಂದ ಓಡಿ ತಪ್ಪಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವ ಜಾಣರಿಗೆ ನಾನು ಇದಿಷ್ಟನ್ನೇ ಹೇಳುತ್ತೇನೆ.

ಒಂದು ಸಲ ಅವಳು ಓಡಿಯೂ ಹೋದಳು, ನನ್ನನ್ನೂ ಕರೆದುಕೊಂಡು ಮಾನ್ವಿಗೆ. ಅಲ್ಲಿ ನನ್ನ ಸೋದರಮಾವಂದಿರು ಕುರಿ ವ್ಯಾಪಾರ ಮಾಡಿಕೊಂಡಿದ್ದರು, ಮೃದು ಮಾತಿನ ಜನ. ತಂಗಿಗೆ ಕುರಿ ಕೊಯ್ದು ಊಟ ಹಾಕಿದರು, ಹೊಸ ಸೀರೆ ಉಡಿಸಿದರು. ಮರುದಿನ ಹಿರಿಯ ಮಾವ ತಾನೇ ಬಸ್ಸಿನಲ್ಲಿ ಕೂತು ವಾಪಸು ಬಿಡಲು ಹೊರಟ.

"ಕಾಲಿಲ್ದಾವ ಎಷ್ಟಂತ ಹೊಡದಾನವಾ? ಹೊಂದ್ಕೊಂಡು ಹೋಗು. ನಾಳಿ ಮಗಳ ಲಗ್ನ ಆಗ್ಬೇಕು," ಎಂದ.

"ಹೊಡಿಯಾಕ ಕಾಲ್ಯಾಕ ಬೇಕು ಮಾವಾ?" ಎಂದೆ ನಾನು.

ಮೃದು ಮಾತಿನ ಮಾವ ನನ್ನ ಕಪಾಳಕ್ಕೆ ಬಾರಿಸಿದ. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ಅವತ್ತಿನಿಂದ ಮಾನ್ವಿ ಎಂಬ ಬೋರ್ಡು ಕಂಡರೆ ನನ್ನ ಕೆನ್ನೆ ಬಿಸಿಯಾಗುತ್ತದೆ.

ಓದು ಮುಗಿಸಿ ನನಗೆ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಬೇಕೆಂದೇ ರೈಲ್ವೆ ಗೇಟಿನ ಪಕ್ಕ ಮನೆ ಹಿಡಿದೆ. ಹತ್ತಿ ಗಿರಣಿಯ ದೂಳು, ಅಕ್ಕಿ ಗಿರಣಿಯ ಹೊಟ್ಟು, ಎಂಜಿನ್ನಿನ ಮಸಿ, ಮೂರೂ ನಮ್ಮ ಮಾಳಿಗೆಯ ಮೇಲೆ ಬಂದು ಬೀಳುತ್ತಿದ್ದವು. ಮೇಲೆ ಒಂದು ಒಂಟಿ ಕೋಣೆ. ರೈಲಿನ ಹುಚ್ಚು ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಸಂಜೆ ಶಾಲೆಯಿಂದ ಬಂದವಳೇ ಮಾಳಿಗೆ ಹತ್ತಿ ಬರುವ ಹೋಗುವ ಗಾಡಿ ನೋಡುತ್ತಿದ್ದೆ. ಸ್ಟೇಷನ್ನು ಹತ್ತಿರವಾದ್ದರಿಂದ ಗೇಟಿನ ಬಳಿ ಗಾಡಿ ವೇಗ ಇಳಿಸುತ್ತಿತ್ತು. ಎಂಜಿನ್ನಿನ ಪಕ್ಕೆಯ ಮೇಲಿನ ನಂಬರು ಬರಿಗಣ್ಣಿಗೆ ಕಾಣುತ್ತಿತ್ತು. ಕೆಲವು ಉಗಿ ಎಂಜಿನ್ನುಗಳನ್ನು ನಾನು ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ಒಂದಕ್ಕೆ ಕೂಗಿನ ಕೊನೆಯಲ್ಲಿ ದನಿ ಒಡೆಯುತ್ತಿತ್ತು, ಇನ್ನೊಂದು ಏರು ಹತ್ತುವಾಗ ಮೂರು ಸಲ ಜಾರಿ ನಾಲ್ಕನೆಯ ಸಲ ಹಿಡಿಯುತ್ತಿತ್ತು. ಡೀಸೆಲ್ ಎಂಜಿನ್ನುಗಳು ಬಂದು ಈ ಹಳೆಯವನ್ನು ಒಂದೊಂದಾಗಿ ಗೂಡ್ಸಿಗೆ, ಆಮೇಲೆ ಡಬ್ಬಿ ಜೋಡಿಸುವ ಶಂಟಿಂಗಿಗೆ, ಆಮೇಲೆ ಗುಜರಿಗೆ ತಳ್ಳುತ್ತಿದ್ದ ವರ್ಷಗಳು ಅವು.

ಹ್ಯಾಮ್ ರೇಡಿಯೊ ಎಂಬುದೊಂದಿದೆ, ಸರ್ಕಾರದಿಂದ ಲೈಸೆನ್ಸ್ ಪಡೆದು ಮನೆಯಿಂದಲೇ ಮೋರ್ಸ್ ಕಳಿಸಬಹುದು, ದೂರದೂರಿನ ಹವ್ಯಾಸಿಗಳ ಜೊತೆ ಮಾತಾಡಬಹುದು ಎಂದು ಕಾಲೇಜಿನಲ್ಲಿ ಕೇಳಿದ್ದೆ. ಆಗಲೇ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ಅಪ್ಪನ ಕೈಗೆ ಅದರ ಹಳೆಯ ಕೆಲಸ ವಾಪಸು ಕೊಟ್ಟರೆ ಅದು ಅವ್ವನನ್ನು ಬಿಟ್ಟೀತು. ರೈಲಿಲ್ಲದ ಊರಿಗೆ ನಾನು ದಿನವೂ ರೈಲು ಕಳಿಸುತ್ತೇನೆ, ಅವನು ಅವ್ವನನ್ನು ಮುಟ್ಟದೆ ಇರಲಿ. ನನಗೆ ಬೇಕಾಗಿದ್ದು ಇಷ್ಟೇ. ಹವ್ಯಾಸ ಅಂತ ಜನರಿಗೆ ಹೇಳಿಕೊಳ್ಳುತ್ತಿದ್ದೆ.

ಅಪ್ಪನನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಇಬ್ಬರೂ ಪರೀಕ್ಷೆಗೆ ಕೂತೆವು, ಇಬ್ಬರೂ ಪಾಸಾದೆವು. ಬರುವಾಗ ಗುಜರಿ ಬಜಾರಿನಲ್ಲಿ ಮಿಲಿಟರಿಯವರು ಬಿಸಾಡಿದ ಎರಡು ಹಳೆಯ ರಿಸೀವರು, ಒಂದಿಷ್ಟು ವಾಲ್ವುಗಳು ಸಿಕ್ಕವು. ಟ್ರಾನ್ಸ್‌ಮಿಟರುಗಳನ್ನು ನಾನೇ ಕೂತು ಬೆಸುಗೆ ಹಾಕಿ ಕಟ್ಟಿದೆ. ದೇವದುರ್ಗದ ಮನೆಯ ಮಾಳಿಗೆಯಿಂದ ಬೇವಿನ ಮರಕ್ಕೆ ತಾಮ್ರದ ತಂತಿ ಎಳೆದ ದಿನ ಓಣಿಯ ಜನ ಬಟ್ಟೆ ಒಣಹಾಕಲು ಇಷ್ಟು ಗಡಬಡಿ ಯಾಕೆ ಎಂದು ನಕ್ಕರು. ಲೈಸೆನ್ಸಿನ ಜೊತೆ ಒಬ್ಬೊಬ್ಬರಿಗೂ ಒಂದು ಕಾಲ್‌ಸೈನ್ ಬರುತ್ತದೆ, ನಾಲ್ಕಾರು ಅಕ್ಷರ ಅಂಕಿಗಳ ಗುರುತು. ಗಾಳಿಯಲ್ಲಿ ಹ್ಯಾಮ್‌ನ ಹೆಸರು ಅದೇ. ಅದನ್ನು ಕುಟ್ಟಿ ಕರೆದರೆ ಹ್ಯಾಮ್ ಆದವರು ಉಣ್ಣುವ ತುತ್ತು ಬಿಟ್ಟು ಉತ್ತರ ಕೊಡುತ್ತಾರೆ. ಅದು ಕಾನೂನಲ್ಲ, ನಮ್ಮ ಮರ್ಯಾದೆ.

ಹೀಗೆ ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಮ್ಮ ಸಂಜೆಗಳು ಶುರುವಾದವು. ಅಪ್ಪ ಮೂರು ಸಲ ನನ್ನ ಕಾಲ್‌ಸೈನ್ ಕುಟ್ಟುತ್ತಿದ್ದ, ಆಮೇಲೆ ತನ್ನದು. ನಾನು ಉತ್ತರ ಕೊಟ್ಟು ಆ ಸಂಜೆಯ ಗಾಡಿಗಳನ್ನು ಹೇಳುತ್ತಿದ್ದೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಡೆದು ಕಳಿಸುವುದು. ಬೊಂಬಾಯಿ ಕಡೆಯ ಮೇಲ್ ಗಾಡಿ ಬಂತು, ಇಂಥ ನಂಬರಿನ ಎಂಜಿನ್ನು. ಕಲ್ಲಿದ್ದಲು ಗಾಡಿ ಹೋಯಿತು, ಜೋಡಿ ಎಂಜಿನ್ನು. ಅಷ್ಟಕ್ಕೆ ಅವನು ಬಿಡುವವನಲ್ಲ. ಹೊಗೆ ಕರಿಯೋ ಬೂದಿಯೋ? ಕರಿಯಾದರೆ ಬೆಂಕಿ ಹಾಕುವವನು ದಡ್ಡ. ಡೀಸೆಲ್ ಎಂದರೆ "ಎಣ್ಣಿ ಡಬ್ಬಿ, ಮುಂದ ಹೇಳು" ಎಂದು ಕುಟ್ಟುತ್ತಿದ್ದ. ಉಗಿ ಎಂಜಿನ್ನಿಗೆ ಮಾತ್ರ ನೆಂಟರ ಯೋಗಕ್ಷೇಮ ಕೇಳುವ ಹಾಗೆ ಕೇಳುತ್ತಿದ್ದ. ಗುಂತಕಲ್ಲಿನಲ್ಲಿ ನಮ್ಮಂತೆಯೇ ರೈಲು, ರೇಡಿಯೊ ಎರಡೂ ಹುಚ್ಚಿನ ಒಬ್ಬ ಹವ್ಯಾಸಿಯಿದ್ದ. ನಾನು ಕಂಡ ಗಾಡಿ ಅವನೂರು ಮುಟ್ಟಿದಾಗ, ನಿಮ್ಮ ಎಂಜಿನ್ನು ಬಂತು ಎಂದು ಅವನು ಸುದ್ದಿ ಕೊಡುತ್ತಿದ್ದ. ಮೂರು ಊರು, ಒಂದು ಗಾಡಿ. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ.

ಮೋರ್ಸ್‌ನಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ದನಿಯಿಂದ ಮನುಷ್ಯನ ಗುರುತು ಸಿಗುವ ಹಾಗೆ ಕುಟ್ಟುವ ರೀತಿಯಿಂದ ಸಿಗುತ್ತದೆ. ಅಪ್ಪನ ಕೈ ಕೆಲವು ದಿನ ಮುಳ್ಳು, ಗೀಟುಗಳು ತುಂಡುತುಂಡು, ಅಕ್ಷರದ ಮೇಲೆ ಅಕ್ಷರ ಹತ್ತಿ ಬರುತ್ತಿತ್ತು. ಕೆಲವು ದಿನ ಬೆಣ್ಣೆ. ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಂಥ ದಿನ ಗುಂತಕಲ್ಲಿನವನು, ಎಂಥ ಕೈ ನಿಮ್ಮ ತಂದೆಯವರದು, ಕೇಳುತ್ತ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ನಾನೂ ಹಿಗ್ಗುತ್ತಿದ್ದೆ.

ನನ್ನ ಸಿಟ್ಟೂ ಮೂಗಿನ ತುದಿಯಲ್ಲೇ ಇರುವಂಥದ್ದು. ಗೇಟಿನ ಹತ್ತಿರ ನಿಲ್ಲುತ್ತಿದ್ದ ಪಡ್ಡೆಗಳು ನನ್ನನ್ನು 'ಎಂಜಿನ್ ಅಕ್ಕ' ಎಂದು ಕೂಗುತ್ತಿದ್ದರು. ಕೂಗಲಿ ಎಂದು ಬಿಟ್ಟಿದ್ದೆ. ಒಂದು ಸಂಜೆ ಅವರಲ್ಲೊಬ್ಬ, ಮೀಸೆ ಬಂದ ಗಂಡಸು, ಹೊಲಸು ಮಾತಾಡಿ ಮಾಳಿಗೆಗೆ ಕಲ್ಲು ಬೀಸಿದ. ಕಲ್ಲು ನನ್ನ ಭುಜಕ್ಕೆ ತಾಗಿತು. ನಾನು ಇಳಿದು ಹೋಗಿ ಚಪ್ಪಲಿ ತೆಗೆದು ಹೊಡೆದೆ. ಒಂದಕ್ಕೆ ನಿಲ್ಲಿಸಲಿಲ್ಲ. ಅವನ ಮೂಗಿನಿಂದ ರಕ್ತ ಬಂದು ಅಂಗಿ ನೆನೆಯುವ ತನಕ, ಗೇಟಿನವನು ಬಂದು ನನ್ನ ಕೈ ಹಿಡಿಯುವ ತನಕ ಹೊಡೆದೆ. ಅವನು ಅಳುತ್ತ ಓಡಿದ. ನಾನು ಮೇಲೆ ಬಂದು ಕೈ ತೊಳೆದು ಮೋರ್ಸ್ ಕುಟ್ಟುವ ಕೀ ಮುಂದೆ ಕೂತೆ. ಮೈಯೆಲ್ಲ ಹಗುರ, ಉಸಿರು ಸಲೀಸು, ಬೆರಳು ತಾವಾಗಿ ಆಡಿದವು.

"ಇವತ್ತು ನಿಮ್ಮ ಕೈ ಅದ್ಭುತ. ಥೇಟ್ ನಿಮ್ಮ ತಂದೆಯ ಕೈ!" ಎಂದು ಗುಂತಕಲ್ಲಿನವನು ಕುಟ್ಟಿದ.

ಆ ಮಾತು ಕೇಳಿ ನಾನು ಹೆಡ್‌ಫೋನು ತೆಗೆದಿಟ್ಟೆ. ಹೊಡೆದು ಬಂದ ಕೈ ಇಷ್ಟು ಚೆನ್ನಾಗಿ ಆಡುತ್ತದೆಯೇ? ಹಾಗಾದರೆ ಅಪ್ಪನ ಬೆಣ್ಣೆಯಂಥ ದಿನಗಳು ಯಾವ ದಿನಗಳು? ಉತ್ತರ ನನಗೆ ಕೂತಲ್ಲೇ ಗೊತ್ತಾಯಿತು. ಮರುವಾರ ಅವನ ಕೈ ಬೆಣ್ಣೆಯಂತೆ ಆಡಿದ ಸಂಜೆಯೇ ಬಸ್ಸು ಹತ್ತಿ ಹೋದೆ. ಅವ್ವನ ತುಟಿ ಒಡೆದಿತ್ತು. ಇನ್ನೊಮ್ಮೆ ಹಾಗೇ ಹೋದೆ. ಕಿವಿಯ ಹಿಂದೆ ಊದಿತ್ತು. ಜನ ಹೊಗಳಿದ ಆ ಕೈಯ ನಯವೆಲ್ಲ ನಮ್ಮವ್ವನ ಮೈಯಿಂದ ಬಂದದ್ದು.

ಆ ಎರಡನೆಯ ಸಲ ಅಪ್ಪ ರೇಡಿಯೊ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದ. ನಾನು ಎದುರಿಗೆ ನಿಂತೆ.

"ಇವತ್ತು ಅವ್ವನ್ನ ಹೊಡದಿ," ಎಂದೆ.

"ಯಾರ್ ಹೇಳಿದ್ರು? ಆಕಿ ಹೇಳಿದಳೇನು?" ಎಂದು ಅಡುಗೆಮನೆಯ ಕಡೆ ನೋಡಿದ. ಊರುಗೋಲಿಗೆ ಕೈ ಹಾಕಿದ್ದ.

ಅವ್ವನ ಮೇಲೆ ಬರಬಾರದೆಂದು ನಾನು ನಿಜವನ್ನೇ ಹೇಳಿದೆ. "ಯಾರೂ ಹೇಳಿಲ್ಲ. ನಿನ್ನ ಕೈ ಹೇಳ್ತದ. ಹೊಡದ ದಿನ ನಿನ್ನ ಕೈ ಭಾಳ ಚಂದ ಆಡ್ತದ. ಇನ್ನ ಮ್ಯಾಲ ಕೇಳ್ಕೋ, ಹೊಡದ ದಿನ ಗಾಡಿ ಇಲ್ಲ. ನೀ ಎಷ್ಟ್ ಕರದ್ರೂ ಎಂಜಿನ್ ನಂಬರ್ ಹೇಳಂಗಿಲ್ಲ."

ಅವನು ನನ್ನನ್ನು ನೋಡಿ ನಕ್ಕ. "ಶಾಣ್ಯಾಕಿ ಆಗೀದಿ ಬೇ," ಎಂದ.

ಹೇಳಿದಂತೆ ಮಾಡಿದೆ. ಬೆಣ್ಣೆಯ ಕೈ ಬಂದ ಸಂಜೆ ನಾನು ಒಂದೇ ಮಾತು ಕಳಿಸುತ್ತಿದ್ದೆ, ಇವತ್ತು ಗಾಡಿ ಇಲ್ಲ. ಅವನು ಕರೆದೇ ಕರೆಯುತ್ತಿದ್ದ, ನಾನು ಸೆಟ್ಟು ಆರಿಸುತ್ತಿದ್ದೆ. ನನಗೆ ಅದರಲ್ಲಿ ಒಂದು ಖುಷಿಯಿತ್ತು. ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ನೋವಾಗುವಂಥದ್ದೇನೂ ನನ್ನ ಹತ್ತಿರ ಇರಲಿಲ್ಲ, ಈಗ ಇತ್ತು.

ಕೆಲವು ವಾರಗಳಲ್ಲಿ ಅವನ ಕೈ ಬದಲಾಯಿತು. ದಿನವೂ ಮುಳ್ಳು. ಚುಕ್ಕಿಗಳು ಎಡವುತ್ತಿದ್ದವು, ಗೀಟುಗಳು ಮುರಿಯುತ್ತಿದ್ದವು, ತನ್ನ ಕಾಲ್‌ಸೈನನ್ನೇ ಒಮ್ಮೊಮ್ಮೆ ತಪ್ಪಿ ತಿದ್ದಿಕೊಳ್ಳುತ್ತಿದ್ದ. ನಿಮ್ಮ ತಂದೆಗೆ ಆರೋಗ್ಯ ಸರಿಯಿಲ್ಲವೇ, ಕೈ ಪೂರ್ತಿ ಹೋಗಿದೆಯಲ್ಲ ಎಂದು ಗುಂತಕಲ್ಲಿನವನು ಮರುಗಿದ. ಗಟ್ಟಿಮುಟ್ಟಾಗಿದ್ದಾರೆ, ನಮ್ಮ ಮನೆಯಲ್ಲಿ ಇಷ್ಟು ಒಳ್ಳೆಯ ದಿನಗಳು ಹಿಂದೆಂದೂ ಇರಲಿಲ್ಲ ಎಂದು ನಾನು ಕುಟ್ಟಿದೆ. ಅವನಿಗೆ ಏನು ಅರ್ಥವಾಯಿತೋ. ನಾನಂತೂ ಗೆದ್ದೆನೆಂದು ಬೀಗಿದೆ. ಗಾಡಿಗಳನ್ನು ಧಾರಾಳವಾಗಿ ಕಳಿಸಿದೆ, ಭಾನುವಾರ ಬೇಕೆಂದೇ ಸ್ಟೇಷನ್ನಿಗೆ ಹೋಗಿ ಶಂಟಿಂಗ್ ಎಂಜಿನ್ನುಗಳನ್ನೂ ನೋಡಿ ಬಂದು ಹೇಳಿದೆ. ದೇವದುರ್ಗಕ್ಕೆ ಹೋದಾಗ ಅವ್ವನ ಮುಖ ನೋಡುತ್ತಿದ್ದೆ, ಮುಖದ ಮೇಲೆ ಗಾಯ ಇರುತ್ತಿರಲಿಲ್ಲ. ಬೇಸಿಗೆಯಲ್ಲೂ ಉದ್ದ ತೋಳಿನ ಕುಬಸ ಯಾಕೆ ತೊಟ್ಟಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ. ಕಿವಿಯನ್ನು ಅಷ್ಟು ನಂಬಿದ್ದೆ, ಕಣ್ಣು ಬೇಕೆನಿಸಲಿಲ್ಲ.

ಆ ದಿನ ಶಾಲೆ ಬೇಗ ಬಿಟ್ಟಿತ್ತು. ಮಧ್ಯಾಹ್ನ ಇಳಿಯುವ ಹೊತ್ತು. ಮಾಳಿಗೆಯ ಮೇಲೆ ನಿಂತು ಥರ್ಮಲ್ ವಿದ್ಯುತ್ ಕೇಂದ್ರದ ಕಡೆ ಹೋಗುವ ಕಲ್ಲಿದ್ದಲು ಗಾಡಿ ನೋಡುತ್ತಿದ್ದೆ, ಕೋಣೆಯಲ್ಲಿ ರಿಸೀವರು ಹಚ್ಚಿಯೇ ಇತ್ತು. ಅದರಿಂದ ನನ್ನ ಕಾಲ್‌ಸೈನ್ ಕೇಳಿಸಿತು. ಒಂದು ಸಲ, ಎರಡು ಸಲ, ಮೂರು ಸಲ, ಆಮೇಲೆ ಅಪ್ಪನ ಕಾಲ್‌ಸೈನ್. ಆದರೆ ಅದು ಅಪ್ಪನ ಕೈಯಲ್ಲ. ಮುಳ್ಳೂ ಅಲ್ಲ, ಬೆಣ್ಣೆಯೂ ಅಲ್ಲ. ಒಂದೊಂದು ಸದ್ದೂ ಚಪ್ಪಟೆ, ಒಂದೇ ತೂಕ. ಅಕ್ಷರಗಳ ನಡುವೆ ಇರಬೇಕಾದ ಬಿಡುವಿಲ್ಲ, ಇರಬಾರದ ಕಡೆ ಬಿಡುವಿತ್ತು. ಆದರೂ ತಪ್ಪಿಲ್ಲ.

ಮೈ ಉರಿಯಿತು. ಬೇರೆಯವರ ಕಾಲ್‌ಸೈನ್ ಕದ್ದು ಗಾಳಿಗೆ ಬರುವ ಕಳ್ಳರು ಆಗೊಮ್ಮೆ ಈಗೊಮ್ಮೆ ಇರುತ್ತಿದ್ದರು. ಅಂಥವರನ್ನು ಕಂಡರೆ ಹ್ಯಾಮ್‌ಗಳಿಗೆ ಆಗುವ ಸಿಟ್ಟು ಮನೆಗೆ ಕಳ್ಳ ನುಗ್ಗಿದಾಗಿನ ಸಿಟ್ಟು. ನಾನು ಕೀ ಹಿಡಿದು ಝಾಡಿಸಿದೆ. ಯಾರು ನೀನು, ಇದು ನಮ್ಮಪ್ಪನ ಗುರುತು, ಲೈಸೆನ್ಸ್ ಇಲ್ಲದ ಲಫಂಗ, ನಿನ್ನ ಮೇಲೆ ದೂರು ಕೊಡುತ್ತೇನೆ, ಮುಚ್ಚು. ಆಮೇಲೆ ಮತ್ತೆ ನನ್ನ ಕಾಲ್‌ಸೈನ್, ಮೂರು ಸಲ. ನಾನು ಇನ್ನೂ ಕೆಟ್ಟದಾಗಿ ಬೈದೆ. ಮತ್ತೆ ಅದೇ. ಬೈಗುಳಕ್ಕೆ ಉತ್ತರವಿಲ್ಲ, ಪ್ರಶ್ನೆಗೆ ಉತ್ತರವಿಲ್ಲ, ಬರೀ ಕರೆ.

ಉತ್ತರ ತಿಳಿಯದೆ ಕರೆಯುವವರು ಯಾರು? ಕಲಿತವರಾದರೆ ಜಗಳವಾದರೂ ಆಡಬೇಕು. ಇವರಿಗೆ ಒಂದೂ ಅಕ್ಷರ ತಿಳಿದಿಲ್ಲ, ದಿನವೂ ಸಂಜೆ ಕಿವಿಗೆ ಬಿದ್ದು ಬಾಯಿಪಾಠವಾದ ಈ ಒಂದು ಸದ್ದಷ್ಟೇ ಗೊತ್ತು. ಹಾಗೆ ಯೋಚಿಸುತ್ತಿದ್ದವಳು ಕೀಯಿಂದ ಕೈ ತೆಗೆದೆ. ಓದು ಬರಹ ಬರದ ಒಬ್ಬಳೇ ಒಬ್ಬಳು ನಮ್ಮ ಮನೆಯಲ್ಲಿದ್ದಳು. ರೊಟ್ಟಿ ಬಡಿಯುವ ಕೈಯಿಂದ ಅವಳು ನನ್ನನ್ನು ಕರೆಯುತ್ತಿದ್ದಳು.

ಸೆಟ್ಟು ಆರಿಸಲೂ ಇಲ್ಲ, ಮನೆಗೆ ಬೀಗವೂ ಹಾಕಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜಾಲಹಳ್ಳಿಯ ಬಸ್ಸು ಹೊರಡುತ್ತಿತ್ತು, ಅದು ದೇವದುರ್ಗದ ಮೇಲೆಯೇ ಹೋಗುವುದು, ಬಾಗಿಲಿಗೆ ಜೋತು ಹತ್ತಿದೆ. ಡ್ರೈವರು ಕುರಿಮಂದೆಗೆ ದಾರಿ ಬಿಡಲು ನಿಲ್ಲಿಸಿದಾಗ ಅವನಿಗೂ ಕುರಿಗಳಿಗೂ ಕಾಯುವವನಿಗೂ ಸೇರಿಸಿ ಬೈದೆ. ಕಾಯುವವನು ನಕ್ಕು, "ಹೆಣಾ ನೋಡಾಕ ಹೊಂಟೀಯೇನಬೇ?" ಎಂದ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆ. ಅವ್ವ ರೇಡಿಯೊ ಇಟ್ಟಿದ್ದ ಮೇಜಿನ ಮುಂದೆ ನೆಲದ ಮೇಲೆ ಕೂತಿದ್ದಳು. ಹಣೆಯ ಮೇಲಿನಿಂದ ಕಿವಿಯ ತನಕ ಸೀಳಿತ್ತು, ರಕ್ತ ಕೊರಳಿಗೆ ಇಳಿದು ಕುಬಸಕ್ಕೆ ಅಂಟಿ ಒಣಗಿತ್ತು. ಕೀ ಮೇಲೂ ರಕ್ತ. ಅಪ್ಪ ಮೂಲೆಯ ಹೊರಸಿನ ಮೇಲೆ ಬಲಗೈಯನ್ನು ಎದೆಗವಚಿಕೊಂಡು ಮುಲುಗುತ್ತ ಬಿದ್ದಿದ್ದ. ಮಣಿಕಟ್ಟು ತಿರುಚಿ ಊದಿ ಕಪ್ಪಾಗಿತ್ತು. ನಡುವೆ ನೆಲದ ಮೇಲೆ ಮರದ ಕಾಲು ಬಿದ್ದಿತ್ತು, ಚರ್ಮದ ಪಟ್ಟಿ ಹರಡಿಕೊಂಡು.

"ಉಂಡು ಮಲಗ್ತೀನಂದ, ಪಟ್ಟಿ ಬಿಚ್ಚಾಕ ಕುಂತಿದ್ದೆ," ಎಂದಳು ಅವ್ವ. ದನಿಯಲ್ಲಿ ಅಳುವಿರಲಿಲ್ಲ. "ಊರುಗೋಲ್ ತಗೊಂಡು ತೆಲಿಗೆ ಹಾಕಿದ. ಕಾಲು ನನ್ನ ಕೈಯಾಗಿತ್ತು. ಅದನ್ನ ತಿರುವಿ ಹೊಡದೆ. ಒಮ್ಮೆ ಹೊಡದ ಮ್ಯಾಲ ನಿಲ್ಸಾಕ ಆಗಲಿಲ್ಲವಾ. ಆ ಕೈ ಮುರಿಯೋ ಮಟ ಹೊಡದೆ."

ನಾನು ಅವಳ ತೋಳು ಹಿಡಿದು ಎಬ್ಬಿಸಲು ಹೋದೆ. ಅವಳು ನರಳಿದಳು. ಕುಬಸದ ತೋಳು ಮೇಲೆ ಸರಿಸಿದೆ. ಹಳದಿಗೆ ತಿರುಗಿದ ಹಳೆಯ ಬಾಸುಂಡೆಗಳು, ಅವುಗಳ ಮೇಲೆ ನೀಲಿ, ನೀಲಿಯ ಮೇಲೆ ಹೊಸ ಕೆಂಪು. ತಿಂಗಳುಗಳ ಹೊಡೆತ.

ನಾನು ಅಪ್ಪನ ಕಡೆ ತಿರುಗಿದೆ. ಆ ನೋವಿನಲ್ಲೂ ಅವನ ಮುಖದ ಮೇಲೆ ಒಂದು ಹೆಮ್ಮೆ ಬಂತು.

"ನನ್ನ ಕೈ ನಿನಗ ಗೊತ್ತಾಗ್ತದೇನು? ನಿನಗ ಕಲಿಸಿದಾವ ನಾ. ಚಂದ ಕುಟ್ಟಾವನಿಗೆ ಹೊಲಸು ಕುಟ್ಟಾಕ ಬರಂಗಿಲ್ಲಂತ ತಿಳದಿದ್ದಿಯೇನು?"

ಮರದ ಕಾಲನ್ನು ನಾನು ಕೈಗೆತ್ತಿಕೊಂಡದ್ದು ನೆನಪಿದೆ. ಅವನು ಎಡಗೈ ಅಡ್ಡ ಹಿಡಿದದ್ದೂ ನೆನಪಿದೆ. ಅವತ್ತು ಅವನನ್ನು ಕೊಲ್ಲಬೇಕೆಂದೇ ಎತ್ತಿದ್ದೆ, ಇದರಲ್ಲಿ ನನಗೆ ನಾಚಿಕೆಯಿಲ್ಲ. ಅವ್ವ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದಳು.

"ಬಿಡು. ಅದು ನನ್ನ ಕೆಲಸ ಇತ್ತು, ಮುಗಿಸೀನಿ," ಎಂದಳು.

"ನನಗ್ಯಾಕ ಮೊದಲ ಹೇಳಲಿಲ್ಲ?" ಎಂದು ಅವಳ ಮೇಲೆಯೇ ಕೂಗಾಡಿದೆ.

"ಹೇಳಿದ್ರ ನೀ ಗಾಡಿ ನಿಲ್ಲಿಸ್ತಿದ್ದಿ. ಗಾಡಿ ಇಲ್ಲದ ದಿನ ಆತ ಎರಡು ಪಟ್ಟು ಹೊಡೀತಿದ್ದ."

ಅವ್ವನನ್ನು ದವಾಖಾನೆಗೆ ಕರೆದೊಯ್ದು ಹಣೆಗೆ ಹೊಲಿಗೆ ಹಾಕಿಸಿದೆ. ಅಪ್ಪನನ್ನು ಅವನ ತಮ್ಮ ಬಂದು ನೋಡಿಕೊಂಡ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು, ಗಂಡನ ಮ್ಯಾಲ ಕೈ ಮಾಡೋದಾ, ಅದೂ ಕುಂಟನ ಮ್ಯಾಲ ಎಂದು ಬಾಯಿಗೆ ಸೆರಗು ಹಚ್ಚಿಕೊಂಡರು. ಇಷ್ಟು ವರ್ಷ ಅವರ ಬಾಯಿ ಎಲ್ಲಿ ಹೋಗಿತ್ತು ಎಂದು ನಾನು ಓಣಿ ಕೇಳುವ ಹಾಗೆ ಕೇಳಿದೆ. ಮಾನ್ವಿಯಿಂದ ಮಾವ ಬಂದ, ಈ ಸಲವೂ ಮೃದು ಮಾತೇ. ಅವ್ವ ಅವನಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ನಾನು ಅವಳನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಅವಳು, "ನಾ ಕರದಾಗ ನೀನೂ ಏನೇನೋ ಕುಟ್ಟಿದಿ. ನನಗ ಒಂದೂ ತಿಳೀಲಿಲ್ಲ. ಏನಂದಿ?" ಎಂದು ಕೇಳಿದಳು.

"ಬಂದೆ ಅಂದೆ," ಎಂದೆ.

ಮಾಳಿಗೆಯ ಮೇಲೆ ಅವಳಿಗೊಂದು ಚಾಪೆ ಹಾಸಿದೆ. ಗಾಡಿಗಳನ್ನು ನೋಡುವುದರಲ್ಲಿ ಅವಳಿಗೆ ನನ್ನಷ್ಟೇ ಹುಚ್ಚು ಹಿಡಿಯಿತು. ಕ್ವಾರ್ಟರ್ಸಿನಲ್ಲಿ ಅಷ್ಟು ವರ್ಷ ಇದ್ದರೂ ಗಾಡಿಯನ್ನು ನಿಂತು ನೋಡುವ ಧೈರ್ಯ ಅವಳಿಗೆ ಇರಲಿಲ್ಲವಂತೆ. ನಂಬರು ಓದಲು ಬಾರದು, ಅದಕ್ಕೆ ಬಣ್ಣ, ಸದ್ದು, ಡ್ರೈವರಿನ ರುಮಾಲು, ಇಂಥವುಗಳಿಂದ ಎಂಜಿನ್ನುಗಳನ್ನು ಗುರುತಿಟ್ಟುಕೊಂಡಳು. ಹಣೆಯ ಹೊಲಿಗೆ ಬಿಚ್ಚಿದ ಮೇಲೂ ಯಾರಾದರೂ ಪಕ್ಕದಲ್ಲಿ ಕೈ ಎತ್ತಿದರೆ ಅವಳ ತಲೆ ತಾನಾಗಿ ಕುಗ್ಗುತ್ತಿತ್ತು. ನಾನು ತಲೆ ಬಾಚಿಕೊಳ್ಳಲು ಕೈ ಎತ್ತಿದರೂ ಸಾಕು. ಅದನ್ನು ನೋಡಿದಾಗಲೆಲ್ಲ ಆ ಮರದ ಕಾಲು ಕೈಯಿಂದ ಬಿಟ್ಟಿದ್ದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮೇಲ್ ಗಾಡಿ ಹೋದ ಸ್ವಲ್ಪ ಹೊತ್ತಿಗೆ ರಿಸೀವರಿನಲ್ಲಿ ನನ್ನ ಕಾಲ್‌ಸೈನ್ ಬಂತು. ಅಪ್ಪ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ, ಬಲಗೈಯಲ್ಲಿ ಕೀ ಹಿಡಿಯಲಾಗುತ್ತಿಲ್ಲ ಎಂದು ಚಿಕ್ಕಪ್ಪ ಹೇಳಿದ್ದ. ಎಡಗೈಯಿಂದ ಕುಟ್ಟುತ್ತಿದ್ದ. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಅಕ್ಷರದ ಹಾಗೆ ದೊಡ್ಡದಾಗಿ, ವಕ್ರವಾಗಿ ಬರುತ್ತಿತ್ತು. ಮೂರು ಸಲ ನಾನು, ಒಂದು ಸಲ ತಾನು. ಬಿಡುವು. ಮತ್ತೆ ಮೂರು ಸಲ. ಗುಂತಕಲ್ಲಿನವನು ನಡುವೆ ಬಂದು, ಯಾರೋ ಹೊಸಬರು ನಿಮ್ಮನ್ನು ಕರೆಯುತ್ತಿದ್ದಾರೆ, ಕೇಳುತ್ತಿದೆಯೇ ಎಂದು ನನಗೆ ಸೂಚನೆ ಕೊಟ್ಟ. ತಪ್ಪುತಪ್ಪಾಗಿ ಬಂದ ಅಪ್ಪನ ಕಾಲ್‌ಸೈನ್ ಅವನಿಗೆ ಗುರುತು ಹತ್ತಿರಲಿಲ್ಲ.

ನನ್ನ ಕೈ ಕೀ ಮೇಲಿತ್ತು. ಕರೆದರೆ ಉತ್ತರ ಕೊಡಬೇಕು, ಅದು ಮೈಗೆ ಹತ್ತಿದ ಅಭ್ಯಾಸ. ಬೆರಳು ತುರಿಸುತ್ತಿದ್ದವು. ಇವತ್ತಿನ ಮೇಲ್ ಗಾಡಿಗೆ ಬಹಳ ದಿನದ ಮೇಲೆ ಉಗಿ ಎಂಜಿನ್ನು ಬಂದಿತ್ತು, ಅವನಿಗೆ ಗೊತ್ತಿದ್ದ ಎಂಜಿನ್ನು. ಅದನ್ನು ಹೇಳಿದರೆ ಅವನು ಮಗುವಿನಂತೆ ಖುಷಿಪಡುತ್ತಾನೆ ಎಂದೂ ನನಗೆ ಗೊತ್ತಿತ್ತು. ತಿರುಗಿ ಅವ್ವನನ್ನು ನೋಡಿದೆ. ಅವಳು ಬಾಗಿಲ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಆ ಕರೆ ಅವಳಿಗೆ ಬಾಯಿಪಾಠ. ಎಡಗೈಯದ್ದೆಂದು ಮೊದಲು ತಿಳಿದದ್ದು ಅವಳಿಗೇ ಇರಬೇಕು.

"ಅಪ್ಪ ಕರೀತಾನ ಅವ್ವಾ," ಎಂದೆ.

ಅವಳು ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದಳು.

"ಕರೀಲಿ ಬಿಡು," ಎಂದಳು. "ನಾ ಅಷ್ಟು ವರ್ಷ ಒದರಿದೆ. ಎಷ್ಟು ಮಂದಿ ಕೇಳಿದ್ರು, ಯಾರರ ಬಂದ್ರೇನು?"

ನಾನು ಕೀ ಮೇಲಿಂದ ಕೈ ತೆಗೆದೆ. ರೇಡಿಯೊ ಆರಿಸಲು ಎದ್ದಾಗ ಅವಳು ಬೇಡವೆಂದಳು. ಅವನು ಕರೆಯುತ್ತಲೇ ಇದ್ದ. ಅವಳು ಮೊರದ ಅಕ್ಕಿಯೆಲ್ಲ ಆರಿಸಿ ಮುಗಿಯುವ ತನಕ ಕೂತು ಕೇಳಿದಳು.